ಬಾದಾಮಿ ಮಾವು ಕಿತ್ತ ಮೇಲೆ ಇನ್ನೊಂದು ವಾರ ಕೆಡದಂತೆ ಉಳಿಸುವುದು ಹೇಗೆ?

ತೋಪಿನ ಹುಡುಗ, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಅಜ್ಜನ ಕಾಲದ ತೋಪು. ಬಾದಾಮಿ ಹೆಚ್ಚು, ಅಂಚಿನಲ್ಲಿ ತೋತಾಪುರಿ, ಬೋರ್‌ವೆಲ್ ಪಕ್ಕದಲ್ಲಿ ನಾಲ್ಕಾರು ಮಲ್ಲಿಕಾ. ಮೊದಲು ಮರ ಹೂವು ಬಿಟ್ಟಾಗಲೇ ಗುತ್ತಿಗೆದಾರರಿಗೆ ಫಸಲು ಬರೆದುಕೊಟ್ಟು ಸುಮ್ಮನಿರುತ್ತಿದ್ದೆವು. ಈಗ ಮೂರು ಕೆ.ಜಿ. ಪೆಟ್ಟಿಗೆ ಕಟ್ಟಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನಾನೇ ಕಳುಹಿಸುತ್ತಿದ್ದೇನೆ.

ಕಳುಹಿಸುವಾಗ ಕಾಯಿ ಗಟ್ಟಿಯಾಗಿ, ಹಸಿರಾಗಿ, ಚೆನ್ನಾಗಿಯೇ ಇರುತ್ತದೆ. ಮನೆ ತಲುಪಿ ಹಣ್ಣಾಗುವ ಹೊತ್ತಿಗೆ ದೂರುಗಳು ಶುರುವಾಗುತ್ತವೆ. ಕೆಲವದರಲ್ಲಿ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ಎದ್ದು ಹರಡುತ್ತವೆ. ಕೆಲವದರಲ್ಲಿ ತೊಟ್ಟಿನ ಸುತ್ತ ಕಂದು ಬಣ್ಣದ ಬಳೆ ಮೂಡಿ ಮರುದಿನಕ್ಕೆ ಅರ್ಧ ಹಣ್ಣು ಮೆತ್ತಗಾಗಿರುತ್ತದೆ. ಇನ್ನು ಕೆಲವು ಸುಕ್ಕುಗಟ್ಟುತ್ತವೆ, ಕೊಯ್ದರೆ ಒಳಗೆ ಹುಳಿ. ಗ್ರಾಹಕರು ಚಿತ್ರ ತೆಗೆದು ಗುಂಪಿನಲ್ಲಿ ಹಾಕಿದರೆ ಮುಂದಿನ ವಾರದ ಆರ್ಡರ್ ಅರ್ಧಕ್ಕೆ ಇಳಿಯುತ್ತದೆ.

ಒಬ್ಬರು ಮೇಣದ ದ್ರಾವಣ ಹಚ್ಚಲು ಹೇಳಿದ್ದಾರೆ. ಇನ್ನೊಬ್ಬರು ಯಾವುದೋ ಬಾಟಲಿ ತೋರಿಸಿ, ಸಿಂಪಡಿಸಿದರೆ ಇಪ್ಪತ್ತು ದಿನ ಏನೂ ಆಗುವುದಿಲ್ಲ ಎಂದರು. ನೆಂಟರೊಬ್ಬರು ಆಲೂಗೆಡ್ಡೆಯ ಕೋಲ್ಡ್ ಸ್ಟೋರೇಜ್‌ನಲ್ಲಿ ಒಂದು ಮೂಲೆ ಕೊಡಿಸುವುದಾಗಿ ಹೇಳುತ್ತಿದ್ದಾರೆ. ಇವುಗಳಲ್ಲಿ ಯಾವುದು ಸರಿ? ನನಗೆ ಬೇಕಿರುವುದು ಒಂದೇ ಒಂದು ವಾರದ ಹೆಚ್ಚುವರಿ ಬಾಳಿಕೆ.

ಮಂಡಿಯವನು

ತಮ್ಮಾ, ಮಂಡಿಗೆ ಬೆಳಿಗ್ಗೆ ಬಂದ ಕಾಯಿ ಸಂಜೆಯೊಳಗೆ ಲಾರಿ ಹತ್ತುತ್ತದೆ. ಅದಕ್ಕೇ ನಾವು ಬದುಕಿದ್ದೇವೆ. ಮಾವನ್ನು ಇಟ್ಟುಕೊಂಡು ಕೂರುವ ವ್ಯಾಪಾರ ನಮ್ಮ ಕಡೆ ಯಾರೂ ಮಾಡಿಲ್ಲ. ನೀವು ನೇರ ಮಾರಾಟಕ್ಕೆ ಇಳಿದಿದ್ದೀರಿ, ಸಂತೋಷ. ಆದರೆ ಇಲ್ಲಿಯವರೆಗೆ ಗುತ್ತಿಗೆದಾರ ಹೊರುತ್ತಿದ್ದ ಕೊಳೆತ ಹಣ್ಣಿನ ನಷ್ಟ ಈಗ ನಿಮ್ಮ ತಲೆಗೆ ಬಂದಿದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಆ ಬಾಟಲಿಯನ್ನು ಮಾತ್ರ ಕೊಳ್ಳಬೇಡಿ. ಪ್ರತಿ ವರ್ಷ ಹೊಸ ಹೆಸರಿನಲ್ಲಿ ಬರುತ್ತದೆ.

ಕೊಯ್ಲೋತ್ತರ ಮೇಡಂ

ಆಲೂಗೆಡ್ಡೆ ಇಡುವ ಕೋಣೆಗೆ ದಯವಿಟ್ಟು ಮಾವನ್ನು ಸೇರಿಸಬೇಡಿ. ಅಲ್ಲಿ 2ರಿಂದ 4 ಡಿಗ್ರಿ ಇರುತ್ತದೆ. ಬಲಿತ ಹಸಿರು ಮಾವು ಸುಮಾರು 13 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಬಹಳ ದಿನ ತಡೆಯುವುದಿಲ್ಲ. ಒಳಗಿರುವವರೆಗೆ ಏನೂ ಗೊತ್ತಾಗುವುದಿಲ್ಲ. ಹೊರಗೆ ತಂದ ಮೇಲೆ ಸಿಪ್ಪೆ ಬೂದುಬಣ್ಣಕ್ಕೆ ತಿರುಗುತ್ತದೆ, ಗುಳಿ ಬೀಳುತ್ತದೆ, ಎಷ್ಟು ದಿನ ಕಾದರೂ ಸರಿಯಾಗಿ ಹಣ್ಣಾಗುವುದಿಲ್ಲ, ಪರಿಮಳವಂತೂ ಹೋಗಿಯೇಬಿಡುತ್ತದೆ. ಬಾಳೆಯದೂ ಇದೇ ಕಥೆ. ಫ್ರಿಜ್‌ನಲ್ಲಿಟ್ಟ ಬಾಳೆ ಕಪ್ಪಾಗುವುದು ಎಲ್ಲರೂ ಕಂಡದ್ದೇ.

ಔಷಧ ಕೇಳುವ ಮೊದಲು ಇಷ್ಟಕ್ಕೆ ಉತ್ತರಿಸಿ. ಕಾಯಿ ಕೀಳುವವರು ಯಾರು, ಅವರಿಗೆ ಕೂಲಿ ಯಾವ ಲೆಕ್ಕದಲ್ಲಿ? ತೊಟ್ಟು ಇಟ್ಟು ಕೀಳುತ್ತಾರೋ, ಎಳೆದು ಕೀಳುತ್ತಾರೋ? ಯಾವ ಹೊತ್ತಿನಲ್ಲಿ? ಕಿತ್ತ ಕಾಯಿ ಎಲ್ಲಿ ರಾಶಿ ಬೀಳುತ್ತದೆ? ಬಲಿತಿದೆ ಎಂದು ಹೇಗೆ ನಿರ್ಧರಿಸುತ್ತೀರಿ? ದೂರು ಬಂದದ್ದು ಮಳೆಗೆ ಮುಂಚಿನ ಕೊಯ್ಲಿನದಕ್ಕೋ, ನಂತರದ್ದಕ್ಕೋ?

ತೋಪಿನ ಹುಡುಗ, ಶ್ರೀನಿವಾಸಪುರ

ಮೇಡಂ, ಕೀಳುವುದು ಕೂಲಿಯವರು, ಕ್ರೇಟ್ ಲೆಕ್ಕ. ಕೆಳಗಿನ ಕೊಂಬೆಗಳಿಂದ ಕೈಯಲ್ಲಿ, ಮೇಲಿನದನ್ನು ಬಲೆ ಕಟ್ಟಿದ ಗಳದಿಂದ. ತುದಿಯ ಕೊಂಬೆಯನ್ನು ಅಲುಗಾಡಿಸುವುದೂ ಉಂಟು. ತೊಟ್ಟು ಯಾರೂ ನೋಡುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಮಧ್ಯಾಹ್ನ ಎರಡರವರೆಗೆ. ರಾಶಿ ಮರದ ಬುಡದಲ್ಲಿ, ನೆಲದ ಮೇಲೆ. ಸಂಜೆ ಮುಚ್ಚಿದ ವ್ಯಾನ್. ಬಲಿತದ್ದನ್ನು ಕಣ್ಣಳತೆಯಲ್ಲೇ ಹೇಳುತ್ತೇವೆ. ಮೊದಲ ವಾರಗಳಲ್ಲಿ ಬೆಲೆ ಚೆನ್ನಾಗಿರುವುದರಿಂದ ಸ್ವಲ್ಪ ಬೇಗನೇ ಕೀಳುತ್ತೇವೆ ಎಂಬುದು ನಿಜ. ಚುಕ್ಕೆಯ ದೂರು ಹೆಚ್ಚಾದದ್ದು ಮೇ ಕೊನೆಯ ಮಳೆಗಳ ನಂತರ.

ಕೊಯ್ಲೋತ್ತರ ಮೇಡಂ

ನಿಮ್ಮದು ಒಂದು ಸಮಸ್ಯೆಯಲ್ಲ, ಮೂರು. ಮೂರಕ್ಕೂ ಒಂದೇ ಬಾಟಲಿ ಹುಡುಕುತ್ತಿರುವುದರಿಂದಲೇ ತೊಂದರೆ.

ಸುಕ್ಕುಗಟ್ಟಿ ಒಳಗೆ ಹುಳಿ ಉಳಿದವು ಬಲಿಯದ ಕಾಯಿಗಳು. ಮಾವು ಮರದಿಂದ ಬಿಟ್ಟ ಮೇಲೆ ತನ್ನೊಳಗಿರುವ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳಬಲ್ಲದೇ ಹೊರತು ಹೊಸ ಪಿಷ್ಟವನ್ನು ತರಲಾರದು. ಎಳೆಯ ಕಾಯಿಯ ಸಿಪ್ಪೆಯಿಂದ ನೀರೂ ಬೇಗ ಹಾರುತ್ತದೆ. ಇದಕ್ಕೆ ಜಗತ್ತಿನಲ್ಲಿ ಯಾವ ಲೇಪನವೂ ಇಲ್ಲ. ಬಲಿತ ಬಾದಾಮಿಯ ಭುಜಗಳು ತುಂಬಿಕೊಂಡು ತೊಟ್ಟಿಗಿಂತ ಮೇಲೆದ್ದಿರುತ್ತವೆ, ತೊಟ್ಟು ಕುಳಿಯಲ್ಲಿ ಕೂತಂತೆ ಕಾಣುತ್ತದೆ. ಕೊಯ್ದು ನೋಡಿದರೆ ವಾಟೆಯ ಬಳಿ ತಿರುಳು ಬಿಳಿ ಬಿಟ್ಟು ತಿಳಿಹಳದಿಗೆ ತಿರುಗಿರುತ್ತದೆ. ಸಂಶಯವಿದ್ದರೆ ಬಕೆಟ್ ನೀರಿಗೆ ಹಾಕಿ. ಬಲಿತದ್ದು ಮುಳುಗುತ್ತದೆ, ತೇಲುವುದನ್ನು ಉಪ್ಪಿನಕಾಯಿಗೆ ಕೊಡಿ.

ಕಪ್ಪು ಚುಕ್ಕೆ ಚಿಬ್ಬು ರೋಗ. ಇದರ ಶಿಲೀಂಧ್ರ ನಿಮ್ಮ ಪೆಟ್ಟಿಗೆಯಲ್ಲಿ ಹುಟ್ಟಿದ್ದಲ್ಲ. ಮರದಲ್ಲಿದ್ದಾಗಲೇ ಮಳೆಹನಿಯ ಜೊತೆ ಕಾಯಿಯ ಸಿಪ್ಪೆಯನ್ನು ಹೊಕ್ಕು, ಕಾಯಿ ಹಸಿರಾಗಿರುವವರೆಗೆ ಸುಮ್ಮನೆ ಮಲಗಿರುತ್ತದೆ. ಹಸಿರು ಸಿಪ್ಪೆಯಲ್ಲಿರುವ ಕೆಲವು ರಾಸಾಯನಿಕಗಳು ಅದನ್ನು ಏಳಲು ಬಿಡುವುದಿಲ್ಲ. ಹಣ್ಣಾಗುತ್ತ ಅವು ಕಡಿಮೆಯಾದಾಗ ಏಳುತ್ತದೆ. ನೀವು ಕಳುಹಿಸುವಾಗ ಚೆನ್ನಾಗಿದ್ದದ್ದು ಗ್ರಾಹಕರ ಮನೆಯಲ್ಲಿ ಕೆಡುವುದು ಇದೇ ಕಾರಣಕ್ಕೆ. ಇದಕ್ಕೆ ಬಿಸಿನೀರು ಬಹಳ ಒಳ್ಳೆಯ ಮದ್ದು. ಕಿತ್ತ ದಿನವೇ 52 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ, ನಂತರ ತಣ್ಣೀರು, ಆಮೇಲೆ ನೆರಳಿನಲ್ಲಿ ಪೂರ್ತಿ ಆರಿಸುವುದು. ಅಂದಾಜಿನ ಬಿಸಿ ನಡೆಯುವುದಿಲ್ಲ. 48ಕ್ಕೆ ಇಳಿದರೆ ಹತ್ತು ನಿಮಿಷ ಸಾಲದು, 56ಕ್ಕೆ ಏರಿದರೆ ಸಿಪ್ಪೆ ಬೇಯುತ್ತದೆ. ತಣ್ಣನೆಯ ಕಾಯಿ ಹಾಕಿದೊಡನೆ ನೀರಿನ ಬಿಸಿ ಇಳಿಯುವುದರಿಂದ ತೊಟ್ಟಿ ದೊಡ್ಡದಿರಬೇಕು, ನೀರನ್ನು ಕಲಕುತ್ತಿರಬೇಕು, ಒಳ್ಳೆಯ ಥರ್ಮಾಮೀಟರ್ ಇರಬೇಕು.

ತೊಟ್ಟಿನ ಬಳೆ ತೊಟ್ಟು ಕೊಳೆ. ಎಳೆದು ಕಿತ್ತ ಕಾಯಿಯಲ್ಲಿ ತೊಟ್ಟು ಕಳಚಿದ ಜಾಗವೇ ತೆರೆದ ಗಾಯ. ಅದನ್ನು ಮಣ್ಣಿನ ಮೇಲೆ ರಾಶಿ ಹಾಕಿದರೆ ಶಿಲೀಂಧ್ರಕ್ಕೆ ಆಹ್ವಾನ ಕೊಟ್ಟಂತೆ. ಜೊತೆಗೆ ಸೊನೆ. ತೊಟ್ಟು ಮುರಿದೊಡನೆ ಚಿಮ್ಮುವ ಸೊನೆ ಬಿದ್ದಲ್ಲೆಲ್ಲ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ. ನಾಲ್ಕೈದು ಸೆಂಟಿಮೀಟರ್ ತೊಟ್ಟು ಬಿಟ್ಟು ಕತ್ತರಿಯಿಂದ ಕೊಯ್ದರೆ ಸೊನೆ ಚಿಮ್ಮುವುದಿಲ್ಲ. ನೆರಳಿಗೆ ತಂದು ತೊಟ್ಟನ್ನು ಒಂದು ಸೆಂಟಿಮೀಟರ್‌ಗೆ ಕತ್ತರಿಸಿ, ಜಾಲರಿಯ ಮೇಲೆ ಬೋರಲು ಇಟ್ಟು ಸೊನೆ ಸುರಿದುಹೋಗಲು ಬಿಡಿ. ಬಿಸಿನೀರು ಇದಾದ ಮೇಲೆ.

ಕೂಲಿಯನ್ನು ಕ್ರೇಟ್ ಲೆಕ್ಕದಲ್ಲಿ ಕೊಡುವವರೆಗೆ ಇವು ಯಾವುವೂ ನಡೆಯುವುದಿಲ್ಲ. ದಿನಗೂಲಿ ಮಾಡಿ.

ಧಾರವಾಡ ಆಪೂಸ್

ಮೇಡಂ ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಲಿಯಲಿ ಎಂದು ತೀರಾ ಕಾದರೆ ಬಾದಾಮಿಯಲ್ಲಿ ಇನ್ನೊಂದು ಪೀಡೆ ಇದೆ. ನಿಮ್ಮ ಬಾದಾಮಿಯೇ ನಮ್ಮ ಆಪೂಸ್, ಜಾತಿಯಲ್ಲಿ ಬೇರೆಯಲ್ಲ. ಹೊರಗಿನಿಂದ ಬಂಗಾರದಂಥ ಹಣ್ಣು, ಕೊಯ್ದರೆ ವಾಟೆಯ ಸುತ್ತ ತಿರುಳು ಬಿಳಿಚಿಕೊಂಡು ಸ್ಪಂಜಿನಂತಾಗಿ ವಾಸನೆ ಹೊಡೆಯುತ್ತದೆ. ಸ್ಪಂಜಿ ಟಿಶ್ಯೂ ಎಂದು ಎಲ್ಲರೂ ಕರೆಯುವುದು ಇದನ್ನೇ. ಹೊರಗಿನಿಂದ ಗುರುತಿಸಲು ಆಗುವುದೇ ಇಲ್ಲ, ಅದೇ ಅದರ ದುಷ್ಟತನ.

ಹಿಂದೆ ನೆಲದ ಕಾವಿನಿಂದ ಹೀಗಾಗುತ್ತದೆ ಎನ್ನುತ್ತಿದ್ದರು. ಮರದ ಬುಡಕ್ಕೆ ಹುಲ್ಲು ಹೊದಿಸಿದರೆ ಕಡಿಮೆಯಾಗುವುದನ್ನು ನಾವೂ ಕಂಡಿದ್ದೇವೆ. ಆಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು, ಹಣ್ಣಿನೊಳಗಿನ ಬೀಜ ಮೊಳಕೆಯೊಡೆಯುವ ಸಿದ್ಧತೆ ಶುರು ಮಾಡುವುದೇ ಇದರ ಮೂಲ ಎಂದು ತೋರಿಸಿದರು. ಬೀಜಕ್ಕೆ ತನ್ನ ಸಂಸಾರದ ಚಿಂತೆ, ನಮಗೆ ಪೆಟ್ಟಿಗೆಯ ಚಿಂತೆ. ಹಾಗಾಗಿ ಆಪೂಸ್‌ನಲ್ಲಿ ಪೂರ್ತಿ ಬಲಿತು ಮರದಲ್ಲೇ ಉದುರಲು ಶುರುವಾಗುವ ಹಂತಕ್ಕೆ ಬಿಡಬಾರದು. ಭುಜ ತುಂಬಿದ ಮೇಲೆ, ಉದುರುವ ಮೊದಲು. ಈ ನಡುವಿನ ಕೆಲವು ದಿನಗಳಲ್ಲೇ ಜಾಣತನ ಇರುವುದು. ಮಲ್ಲಿಕಾಕ್ಕೆ ಈ ಭಯ ಇಲ್ಲ, ಅದನ್ನು ನಿಧಾನವಾಗಿ ಕೊನೆಯಲ್ಲಿ ಕೀಳಿ.

ಸಾವಯವ ಸಂಗಡಿಗ

ನಮ್ಮ ಹಿರಿಯರು ಭತ್ತದ ಹುಲ್ಲಿನಲ್ಲಿ ಅಡೆ ಹಾಕಿ ತಿನ್ನುತ್ತಿದ್ದರು. ಬಿಸಿನೀರು, ಗ್ಯಾಸ್, ಮೇಣ ಯಾವುದೂ ಇರಲಿಲ್ಲ. ಹಣ್ಣು ಕೆಡುವುದು ಅದರ ಸ್ವಭಾವ. ಅದನ್ನು ತಡೆಯಲು ಹೊರಟಾಗಲೇ ವಿಷ ಒಳಗೆ ಬರುವುದು. ಕೆಡದ ಹಣ್ಣನ್ನು ಕಂಡರೆ ನನಗಂತೂ ಭಯ.

ಮಂಡಿಯವನು

ಹಿರಿಯರು ಮನೆಯ ಮರದ ಹಣ್ಣನ್ನು ಮನೆಯಲ್ಲೇ ಅಡೆ ಹಾಕಿ, ದಿನಾ ಬೆಳಿಗ್ಗೆ ಕೈಯಾಡಿಸಿ, ಹಣ್ಣಾದದ್ದನ್ನು ಆರಿಸಿ ತಿನ್ನುತ್ತಿದ್ದರು. ಕೊಳೆತದ್ದನ್ನು ಎಮ್ಮೆಗೆ ಹಾಕುತ್ತಿದ್ದರು. ಆ ಲೆಕ್ಕ ಯಾರೂ ಕೇಳುತ್ತಿರಲಿಲ್ಲ.

ವಿಷದ ಮಾತು ಬಂದದ್ದರಿಂದ ಹೇಳುತ್ತೇನೆ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಿಷಿದ್ಧ, ಹಾಕುವವರು ಇನ್ನೂ ಇದ್ದಾರೆ. ಆದರೆ ಕಾರ್ಬೈಡ್‌ನಿಂದ ಬಾಳಿಕೆ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಎಳೆ ಕಾಯಿಯ ಸಿಪ್ಪೆಗೆ ಹಳದಿ ಬಣ್ಣ ಬರಿಸಿ ಎರಡು ದಿನದಲ್ಲಿ ದಾಟಿಸುವ ಉಪಾಯ ಅದು. ಒಳಗೆ ಹುಳಿ ಹುಳಿಯಾಗಿಯೇ ಇರುತ್ತದೆ. ಈಗ ಬರುವ ಪುಡಿಯ ಪೊಟ್ಟಣ ಬೇರೆ, ಅದರಿಂದ ಹಣ್ಣು ಮಾಗಿಸುವ ಎಥಿಲೀನ್ ಅನಿಲ ಹೊರಡುತ್ತದೆ. ಪೊಟ್ಟಣವನ್ನು ಹಣ್ಣಿಗೆ ತಾಗದಂತೆ ಇಡಬೇಕು. ನಮ್ಮಲ್ಲಿ ಕೆಲವರು ಒಡೆದು ಕಾಯಿಯ ಮೇಲೇ ಉದುರಿಸುತ್ತಾರೆ, ಅದು ತಪ್ಪು.

ಕೊಯ್ಲೋತ್ತರ ಮೇಡಂ

ಮಂಡಿಯವರು ಸರಿಯಾಗಿ ಹೇಳಿದರು. ಕಾರ್ಬೈಡ್ ತೇವ ತಾಗಿದಾಗ ಅಸಿಟಲೀನ್ ಬಿಡುತ್ತದೆ. ಕೈಗಾರಿಕೆಗೆ ತಯಾರಾದ ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶ ಬೆರೆತಿರುತ್ತದೆ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಅದಕ್ಕೆ ಸ್ಪಷ್ಟ ನಿಷೇಧವಿದೆ. ಎಥಿಲೀನ್ ಅನಿಲಕ್ಕೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ವರೆಗೆ ಅನುಮತಿ ಇದೆ, ಏಕೆಂದರೆ ಅದು ಹಣ್ಣೇ ತಯಾರಿಸಿಕೊಳ್ಳುವ ಹಾರ್ಮೋನು. ಸಂಗಡಿಗರೇ, ನಿಮ್ಮ ಹಿರಿಯರ ಅಡೆಯೊಳಗೆ ಕೆಲಸ ಮಾಡುತ್ತಿದ್ದದ್ದೂ ಅದೇ ಎಥಿಲೀನ್. ಹುಲ್ಲು ಅದನ್ನು ಹೊರಗೆ ಹೋಗದಂತೆ ಹಿಡಿದಿಡುತ್ತಿತ್ತು. ಬಿಸಿನೀರಿನಲ್ಲಿ ಇರುವುದು ನೀರು ಮತ್ತು ಬಿಸಿ, ಮೂರನೆಯದು ಇಲ್ಲ. ಸಾವಯವ ಬೆಳೆಗಾರರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. 48 ಡಿಗ್ರಿಯಲ್ಲಿ ಒಂದು ಗಂಟೆ ಎಂಬ ಲೆಕ್ಕ ಕೆಲವರು ಕೇಳಿರಬಹುದು. ಅದು ಚಿಬ್ಬು ರೋಗಕ್ಕಲ್ಲ, ಒಳಗಿರುವ ಹಣ್ಣುನೊಣದ ಮೊಟ್ಟೆ ಮರಿಗಳನ್ನು ಕೊಲ್ಲಲು. 2014ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ನಮ್ಮ ಮಾವಿಗೆ ಬಾಗಿಲು ಹಾಕಿದ್ದು ಈ ನೊಣದಿಂದಲೇ. 2015ರ ಆರಂಭದಲ್ಲಿ ತೆರೆಯಿತು. ಅಮೆರಿಕಕ್ಕೆ 2007ರಿಂದ ಹೋಗುತ್ತಿರುವ ಮಾವು ಕನಿಷ್ಠ 400 ಗ್ರೇ (ವಿಕಿರಣದ ಅಳತೆ) ವಿಕಿರಣ ಹಾಯಿಸಿಕೊಂಡು ಹೋಗುತ್ತದೆ, ಅದೂ ಕೀಟಕ್ಕೇ. ಇವೆರಡನ್ನೂ ಬಾಳಿಕೆಯ ಉಪಾಯ ಎಂದು ಗೊಂದಲ ಮಾಡಿಕೊಳ್ಳಬಾರದು.

ಕ್ವೀನ್ಸ್‌ಲ್ಯಾಂಡ್ ಕನ್ನಡಿಗ

ಇಲ್ಲಿ ಮಾವಿನ ಪ್ಯಾಕ್‌ಹೌಸ್ ಒಂದರಲ್ಲಿ ಕೆಲಸ ಮಾಡುತ್ತೇನೆ, ಊರು ತುಮಕೂರು ಕಡೆ. ಇಲ್ಲಿಯ ಮುಖ್ಯ ತಳಿ ಕೆನ್ಸಿಂಗ್ಟನ್ ಪ್ರೈಡ್. ಸೊನೆಯ ವಿಷಯದಲ್ಲಿ ನಮ್ಮ ಬಾದಾಮಿಗಿಂತ ಕೆಟ್ಟ ಕೋಪದ್ದು. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಕೀಳುವವರೆಲ್ಲ ಉದ್ದ ತೋಳಿನ ಅಂಗಿ, ಕೈಗವಸು ಹಾಕಿಕೊಂಡಿರುತ್ತಾರೆ. ಟ್ರ್ಯಾಕ್ಟರ್ ಹಿಂದೆ ಎಳೆದುಕೊಂಡು ಹೋಗುವ ಒಂದು ಸಾಧನವಿದೆ. ಅದರ ಕ್ಯಾನ್ವಾಸ್ ಮೇಲೆ ಡಿಟರ್ಜೆಂಟ್ ದ್ರಾವಣ ಹರಿಯುತ್ತಿರುತ್ತದೆ. ಕಿತ್ತ ಹಣ್ಣು ನೇರವಾಗಿ ಅದರ ಮೇಲೆ ಬೀಳುವುದರಿಂದ ಸೊನೆ ಸಿಪ್ಪೆಗೆ ಅಂಟುವ ಮೊದಲೇ ತೊಳೆದುಹೋಗುತ್ತದೆ.

ನನಗೆ ಇಲ್ಲಿ ಆಶ್ಚರ್ಯ ತಂದದ್ದು ಯಂತ್ರಗಳಲ್ಲ. ಕೀಳುವ ದಿನವನ್ನು ಬೆಲೆ ನೋಡಿ ನಿರ್ಧರಿಸುವುದಿಲ್ಲ. ಮರದಲ್ಲಿರುವ ಹಣ್ಣಿಗೇ ಬೆಳಕಿನ ಗನ್ ಹಿಡಿದು ಒಣ ಅಂಶ, ಅಂದರೆ ನೀರು ಕಳೆದರೆ ಉಳಿಯುವ ಭಾಗ, ಎಷ್ಟಿದೆ ಎಂದು ನೋಡುತ್ತಾರೆ. ಅಷ್ಟು ಇಲ್ಲದಿದ್ದರೆ ಮಾರುಕಟ್ಟೆಯಲ್ಲಿ ಎಷ್ಟೇ ಬೆಲೆ ಇರಲಿ, ಕತ್ತರಿ ಮುಟ್ಟುವುದಿಲ್ಲ. ಕಿತ್ತ ಮೇಲೆ ಬೇಗನೆ ತಣ್ಣನೆಯ ಕೋಣೆಗೆ. ಡಾರ್ವಿನ್ ಕಡೆಯ ಹಣ್ಣು ಸಾವಿರಾರು ಕಿಲೋಮೀಟರ್ ಲಾರಿಯಲ್ಲಿ ಮೆಲ್ಬರ್ನ್ ತಲುಪುತ್ತದೆ, ಆ ದಾರಿಯಲ್ಲಿ ತಂಪು ತಪ್ಪುವುದಿಲ್ಲ. ಶ್ರೀನಿವಾಸಪುರದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ನಿಮಗೆ ಇಷ್ಟೆಲ್ಲ ಬೇಕಿಲ್ಲ. ಮುಚ್ಚಿದ ವ್ಯಾನ್‌ನಲ್ಲಿ ಬಿಸಿಲಿಗೆ ಕಾದ ಕಾಯಿಯನ್ನು ಸಂಜೆ ತುಂಬುವುದನ್ನು ಬಿಟ್ಟು, ರಾತ್ರಿ ಇಡೀ ನೆರಳಿನಲ್ಲಿ ಹರಡಿ ಮುಂಜಾನೆ ತುಂಬಿದರೆ ಎಷ್ಟೋ ವ್ಯತ್ಯಾಸವಾಗುತ್ತದೆ.

ಹಲಸಿನಮನೆ, ಪುತ್ತೂರು

ಇಷ್ಟೆಲ್ಲ ಓದಿ ನನಗೆ ಒಂದು ಸಂಶಯ. ಹಣ್ಣು ಹಣ್ಣಾಗಿಯೇ ಉಳಿಯಬೇಕು ಎಂಬ ಹಟ ಯಾಕೆ? ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಯಾವುದನ್ನೂ ಒಣಗಿಸಲೂ ಆಗದು, ಇಡಲೂ ಆಗದು. ಅದಕ್ಕೇ ಮೇ ಮುಗಿಯುವ ಮೊದಲು ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಎರೆದು ಮಾಂಬಳ ಮಾಡುತ್ತೇವೆ. ಬಲಿತ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ತುಂಬುತ್ತೇವೆ. ಕಾಡುಮಾವು ಉಪ್ಪುನೀರಿನಲ್ಲಿ ಕೂರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ತರಕಾರಿ ಸಿಗದಾಗ ಉಪ್ಪು ಸೊಳೆಯ ಪಲ್ಯ, ಉಂಡಲಕಾಳು, ರೊಟ್ಟಿ. ಬಾಳಿಕೆ ಎಂದರೆ ನಮಗೆ ಇದು. ಕರೆಂಟೂ ಬೇಡ, ಥರ್ಮಾಮೀಟರೂ ಬೇಡ.

ಬಾದಾಮಿಯಲ್ಲಿ ಗಾಯಗೊಂಡದ್ದು, ಚುಕ್ಕೆ ಬೀಳಲು ಶುರುವಾದದ್ದು ಏನಿದೆಯೋ ಅದನ್ನು ಮಾಂಬಳಕ್ಕೆ ತಿರುಗಿಸಿ. ಒಳ್ಳೆಯದನ್ನು ಮಾತ್ರ ಪೆಟ್ಟಿಗೆಗೆ ಹಾಕಿ. ದೂರು ತಾನಾಗಿ ಇಳಿಯುತ್ತದೆ.

ತೋಪಿನ ಹುಡುಗ, ಶ್ರೀನಿವಾಸಪುರ

ಅಕ್ಕಾ, ಮಾಂಬಳದ ಮಾತು ಮನಸ್ಸಿಗೆ ಹಿಡಿಸಿತು. ಆದರೆ ನಮ್ಮ ಮನೆಯಲ್ಲಿ ಅದನ್ನು ಮಾಡಿ ರೂಢಿ ಇಲ್ಲ, ಮಾರಾಟಕ್ಕೆ ಮಾಡಬೇಕೆಂದರೆ ಆಹಾರ ಪರವಾನಗಿಯೂ ಬೇಕು. ಈ ವರ್ಷ ಮನೆಗಷ್ಟೇ ಮಾಡಿ ನೋಡುತ್ತೇವೆ.

ಕ್ವೀನ್ಸ್‌ಲ್ಯಾಂಡ್ ಸರ್, ರಾತ್ರಿ ಹರಡಿಡುವುದು ಸಾಧ್ಯ. ಆದರೆ ಒಂದೇ ದಿನ ಆರ್ಡರ್ ಎಲ್ಲ ಹೋಗುವುದಿಲ್ಲ. ಶುಕ್ರವಾರ ಕಿತ್ತದ್ದನ್ನು ಮಂಗಳವಾರದವರೆಗೆ ಇಡಬೇಕಾಗುತ್ತದೆ. ದೊಡ್ಡ ಕೋಲ್ಡ್ ರೂಮ್ ಕಟ್ಟುವಷ್ಟು ಹಣವಿಲ್ಲ. ಸಣ್ಣ ಪ್ರಮಾಣದಲ್ಲಿ ಏನು ಮಾಡಬಹುದು?

ನಿವೃತ್ತ ಎಂಜಿನಿಯರ್, ತಿಪಟೂರು

ನಿಮ್ಮ ಒಣಹವೆಯ ಸೀಮೆಗೆ ಹೇಳಿ ಮಾಡಿಸಿದ್ದು ಇಟ್ಟಿಗೆಯ ತಂಪು ಕೋಣೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ್ದು, ವಿದ್ಯುತ್ ಬೇಡ. ಇಟ್ಟಿಗೆಯ ಎರಡು ಗೋಡೆ, ನಡುವೆ 7.5 ಸೆಂಟಿಮೀಟರ್ ಸಂದು, ಸಂದಿನ ತುಂಬ ಹೊಳೆಮರಳು. ಮರಳನ್ನು ಬೆಳಿಗ್ಗೆ ಸಂಜೆ ನೀರು ಹಾಕಿ ಒದ್ದೆಯಾಗಿಡಬೇಕು. ಮೇಲೆ ಬಿದಿರಿನ ತಟ್ಟಿಯ ಮುಚ್ಚಳ, ಅದರ ಮೇಲೆ ನೆರಳಿನ ಚಪ್ಪರ. ಇಡೀ ಕೋಣೆ ಸೊಂಟದೆತ್ತರ ಬಂದರೆ ಸಾಕು, ಸುಮಾರು 100 ಕೆ.ಜಿ. ಹಿಡಿಸುತ್ತದೆ. ಒಣ ಬೇಸಿಗೆಯಲ್ಲಿ ಒಳಗೆ ಹೊರಗಿಗಿಂತ 10ರಿಂದ 15 ಡಿಗ್ರಿ ತಂಪು ಸಿಗುತ್ತದೆ, ತೇವಾಂಶ 90ರ ಹತ್ತಿರ ನಿಲ್ಲುವುದರಿಂದ ಕಾಯಿ ಸುಕ್ಕುಗಟ್ಟುವುದಿಲ್ಲ. ಹಣ್ಣಿನ ಉಸಿರಾಟ ಹತ್ತು ಡಿಗ್ರಿ ಇಳಿದರೆ ಅರ್ಧಕ್ಕಿಂತಲೂ ಕಡಿಮೆಯಾಗಬಹುದು. ನಿಮಗೆ ಬೇಕಾದ ನಾಲ್ಕು ದಿನ ಅಲ್ಲೇ ಸಿಕ್ಕಿತು.

ಪುತ್ತೂರಿನವರು ಇದನ್ನು ಕಟ್ಟಿ ಪ್ರಯೋಜನವಿಲ್ಲ. ಗಾಳಿಯಲ್ಲೇ ನೀರು ತುಂಬಿರುವ ಕಡೆ ಮರಳಿನ ನೀರು ಆರುವುದಿಲ್ಲ, ಆರದಿದ್ದರೆ ತಂಪೂ ಇಲ್ಲ. ನಿಮ್ಮಲ್ಲೂ ಜೂನ್ ಮಳೆ ಹಿಡಿದ ಮೇಲೆ ಇದರ ಶಕ್ತಿ ಕುಗ್ಗುತ್ತದೆ. ಆಗ ಇದರೊಳಗಿನ ತೇವವೇ ಚಿಬ್ಬು ರೋಗಕ್ಕೆ ಹಾಸಿಗೆಯಾಗುತ್ತದೆ, ಹಾಗಾಗಿ ಬಿಸಿನೀರು ಕಾಣದ ಕಾಯಿಯನ್ನು ಒಳಗಿಡಬೇಡಿ.

ಇನ್ನೊಂದು ದಾರಿ ಮನೆಯ ಎಸಿ. ಹತ್ತಡಿ ಚೌಕದ ಕೋಣೆಗೆ ಗೋಡೆ, ಸೂರು, ಬಾಗಿಲು ಎಲ್ಲಕ್ಕೂ ಥರ್ಮೋಕೋಲ್ ಅಥವಾ ಪಫ್ ಹಲಗೆ ಹೊದಿಸಿ. ಸಾಮಾನ್ಯ ಎಸಿ 16 ಡಿಗ್ರಿಯವರೆಗೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಇಳಿಸಲು ಸೆನ್ಸರ್‌ಗೆ ಮೋಸ ಮಾಡುವ ಕಂಟ್ರೋಲರ್‌ಗಳು ಸಿಗುತ್ತವೆ. ನಿಮಗೆ ಅದರ ಅಗತ್ಯವೇ ಇಲ್ಲ, ಮಾವಿಗೆ 16 ಸಾಕಷ್ಟು ಒಳ್ಳೆಯದು. ಎಸಿ ಗಾಳಿಯನ್ನು ಒಣಗಿಸುತ್ತದೆ, ನೆಲಕ್ಕೆ ನೀರು ಚಿಮುಕಿಸಿ. ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂದು ನೋಡಿಕೊಂಡು ದುಡ್ಡು ಹಾಕಿ.

ವೈಟ್‌ಫೀಲ್ಡ್ ನಿವಾಸಿ

ನಾನು ಕೊಳ್ಳುವ ಕಡೆಯವಳು. ಪೆಟ್ಟಿಗೆ ಬಂದೊಡನೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಒಬ್ಬರು ಫ್ರಿಜ್ ಎನ್ನುತ್ತಾರೆ, ಇನ್ನೊಬ್ಬರು ಅಕ್ಕಿ ಡಬ್ಬ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎಲ್ಲವೂ ಒಂದೇ ದಿನ ಹಣ್ಣಾಗಿ, ಎರಡು ದಿನ ಊಟಕ್ಕೂ ತಿಂಡಿಗೂ ಸೀಕರಣೆ ತಿಂದು, ಉಳಿದದ್ದನ್ನು ಅಕ್ಕಪಕ್ಕದವರಿಗೆ ಹಂಚುತ್ತೇವೆ.

ಕೊಯ್ಲೋತ್ತರ ಮೇಡಂ

ಪೆಟ್ಟಿಗೆ ತೆರೆದು ಹಣ್ಣುಗಳನ್ನು ಒಂದಕ್ಕೊಂದು ತಾಗದಂತೆ ಕಾಗದದ ಮೇಲೆ ಹರಡಿ. ಮನೆಯಲ್ಲೇ ತಂಪಾದ ಜಾಗ ಆರಿಸಿ, ಅಡುಗೆಮನೆ ಬೇಡ. ಒಂದು ಮಾಗಿದೊಡನೆ ಅದನ್ನು ಬೇರೆ ಮಾಡಿ, ಇಲ್ಲದಿದ್ದರೆ ಅದರ ಎಥಿಲೀನ್ ಪಕ್ಕದವನ್ನೂ ಎಬ್ಬಿಸುತ್ತದೆ. ಬಾಳೆಗೊನೆಯ ಹತ್ತಿರ ಇಡಬೇಡಿ. ಅಕ್ಕಿ ಡಬ್ಬ ಬೇಗ ಹಣ್ಣಾಗಲಿ ಎನ್ನುವವರಿಗೆ. ಹಣ್ಣಾದ ಮೇಲೆ ಫ್ರಿಜ್‌ನಲ್ಲಿಡಬಹುದು, ಮಾಗಿದ ಹಣ್ಣು ಚಳಿಯನ್ನು ಹಸಿರು ಕಾಯಿಗಿಂತ ಚೆನ್ನಾಗಿ ತಡೆಯುತ್ತದೆ. ಕಾಯಿಯನ್ನು ಮಾತ್ರ ಇಡಬಾರದು.

ತೋಪಿನ ಹುಡುಗ ಅವರೇ, ಇಷ್ಟನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಪೆಟ್ಟಿಗೆಯಲ್ಲಿ ಇಡಿ. ಮೇಣದ ಬದಲು ಆ ದುಡ್ಡು ಇದಕ್ಕೆ ಹೋಗಲಿ.

ಕೃಷಿ ವಿದ್ಯಾರ್ಥಿ, ಬಾಗಲಕೋಟೆ

ಮೇಡಂ, ಮೇಣವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಹುದೇ? ಹಣ್ಣಾಗುವುದನ್ನು ನಿಧಾನಗೊಳಿಸುವ ಹೆಕ್ಸನಾಲ್, 1-ಎಂಸಿಪಿ ಎಂಬ ರಾಸಾಯನಿಕಗಳ ಬಗ್ಗೆಯೂ ಹೇಳಿ. ತರಗತಿಯಲ್ಲಿ ಇವೇ ಭವಿಷ್ಯ ಎಂದು ಓದುತ್ತೇವೆ.

ಕೊಯ್ಲೋತ್ತರ ಮೇಡಂ

ತಳ್ಳಿಹಾಕುತ್ತಿಲ್ಲ, ಸರದಿಯಲ್ಲಿ ಹಿಂದೆ ನಿಲ್ಲಿಸುತ್ತಿದ್ದೇನೆ. ಜೇನುಮೇಣ, ಕಾರ್ನೌಬಾ ಎಂಬ ತಾಳೆ ಎಲೆಯ ಮೇಣ, ಅರಗು ಇವುಗಳ ಲೇಪನಕ್ಕೆ ನಮ್ಮ ಕಾನೂನಿನಲ್ಲಿ ಅನುಮತಿ ಇದೆ, ಹಚ್ಚಿದ್ದನ್ನು ಲೇಬಲ್‌ನಲ್ಲಿ ಹೇಳಬೇಕು. ತೆಳುವಾಗಿ ಹಚ್ಚಿದರೆ ನೀರು ಹಾರುವುದು, ಉಸಿರಾಟ ಎರಡೂ ತಗ್ಗುತ್ತವೆ. ಕೈಯಲ್ಲಿ ಹಚ್ಚುವವರು ದಪ್ಪ ಮಾಡುತ್ತಾರೆ, ಆಗ ಹಣ್ಣಿಗೆ ಆಮ್ಲಜನಕ ಸಾಲದೆ ಒಳಗೆ ಹೆಂಡದ ವಾಸನೆ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಿಪ್ಪೆಯೊಳಗೆ ಮಲಗಿರುವ ಶಿಲೀಂಧ್ರಕ್ಕೆ ಮೇಣದಿಂದ ಏನೂ ಆಗುವುದಿಲ್ಲ. ಹೊಳೆಯುವ ಹಣ್ಣೇ ಕೊಳೆಯುತ್ತದೆ.

ಹೆಕ್ಸನಾಲ್ ನಿಜಕ್ಕೂ ಆಸಕ್ತಿಯ ವಸ್ತು. ಕೊಯ್ದ ಹುಲ್ಲಿನಿಂದ ಬರುವ ಹಸಿ ವಾಸನೆಯಲ್ಲಿ ಇರುವಂಥದ್ದು. ಜೀವಕೋಶದ ಪೊರೆಯನ್ನು ಒಡೆಯುವ ಫಾಸ್ಫೋಲಿಪೇಸ್ ಡಿ ಎಂಬ ಕಿಣ್ವವನ್ನು ತಡೆಯುತ್ತದೆ, ಹಣ್ಣು ಮೆತ್ತಗಾಗುವುದು ನಿಧಾನವಾಗುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ, ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯ ಮತ್ತು ಶ್ರೀಲಂಕಾದವರು ಸೇರಿ ಮಾವಿನ ಮೇಲೆ ಇದನ್ನು ಪರೀಕ್ಷಿಸಿದರು. ಕೊಯ್ಲಿಗೆ ಮೊದಲೇ ಮರಕ್ಕೆ ಸಿಂಪಡಿಸಿದರೆ ಕಾಯಿ ಮರದಲ್ಲೂ ಹೆಚ್ಚು ದಿನ ನಿಲ್ಲುತ್ತದೆ. ಬೆಲೆ ಬಿದ್ದ ವಾರ ಕಾಯಿಯನ್ನು ಮರದಲ್ಲೇ ಬಿಡಬಹುದು ಎಂಬುದು ರೈತನಿಗೆ ಸಣ್ಣ ಅನುಕೂಲವಲ್ಲ. ಆದರೆ ಲೇಬಲ್ ಇಲ್ಲದ ಬಾಟಲಿಯಲ್ಲಿ ಅದೇ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

1-ಎಂಸಿಪಿ ಎಥಿಲೀನ್ ಕೂರಬೇಕಾದ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. 1990ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕಂಡುಕೊಂಡದ್ದು. ಸೇಬಿನಲ್ಲಿ ಅದ್ಭುತ, ಏಕೆಂದರೆ ಸೇಬು ಗಟ್ಟಿಯಾಗಿಯೇ ಇರಬೇಕು. ಮಾವು ಕೊನೆಗೆ ಮೆತ್ತಗಾಗಲೇಬೇಕು. ಪ್ರಮಾಣ ತಪ್ಪಿದರೆ ಅರ್ಧ ಹಣ್ಣಾಗಿ ಅರ್ಧ ಕಾಯಾಗಿ ನಿಲ್ಲುತ್ತದೆ. ಮುಚ್ಚಿದ ಕೋಣೆ, ಅಳತೆಯ ಅನಿಲ ಎಲ್ಲ ಬೇಕು, ತೋಪಿನ ಕೆಲಸವಲ್ಲ.

ಬಾಳೆಯವರಿಗಾದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹೇಳುತ್ತಿದ್ದೆ. ಅದರಲ್ಲಿ ನೆನೆಸಿ ಒಣಗಿಸಿದ ಇಟ್ಟಿಗೆ ಚೂರನ್ನು ಸಣ್ಣ ಚೀಲದಲ್ಲಿ ಕಟ್ಟಿ, ಹಸಿರು ಬಾಳೆಯ ಪಾಲಿಥಿನ್ ಲಕೋಟೆಯಲ್ಲಿಟ್ಟರೆ ಎಥಿಲೀನ್ ಹೀರಿಕೊಳ್ಳುತ್ತದೆ. ಬಾಳೆ ಒಮ್ಮೆ ಹಣ್ಣಾಗಲು ಶುರುವಾದರೆ ಅದೂ ವ್ಯರ್ಥ.

ಮಂಡಿಯವನು

ಎಲ್ಲ ಸರಿ, ಆದರೆ ತೋತಾಪುರಿಯ ಗತಿ? 2025ರ ಜೂನ್‌ನಲ್ಲಿ ಏನಾಯಿತೆಂದು ಎಲ್ಲರೂ ನೋಡಿದ್ದೀರಿ. ಆಂಧ್ರದ ಚಿತ್ತೂರಿನ ಕಡೆ ನಮ್ಮ ಲಾರಿಗಳನ್ನು ಒಳಗೆ ಬಿಡಲಿಲ್ಲ, ನಮ್ಮ ಮುಖ್ಯಮಂತ್ರಿಗಳು ಅಲ್ಲಿಯ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಇತ್ತ ರೈತರು ಕಾಯಿಯನ್ನು ರಸ್ತೆಗೆ ಸುರಿದರು. ತೋತಾಪುರಿ ಕೊಳ್ಳುವ ಪಲ್ಪ್ (ಹಣ್ಣಿನ ತಿರುಳು) ಕಾರ್ಖಾನೆಗಳು ಗಡಿಯಾಚೆ ಇದ್ದು ಕಾಯಿ ಗಡಿಯೀಚೆ ಇದ್ದರೆ ಯಾವ ಬಿಸಿನೀರೂ ಉಳಿಸುವುದಿಲ್ಲ.

ತೋಪಿನ ಹುಡುಗ, ಶ್ರೀನಿವಾಸಪುರ

ಅಣ್ಣಾ, ತೋತಾಪುರಿಗೆ ಈ ಚರ್ಚೆಯಲ್ಲಿ ಉತ್ತರ ಇಲ್ಲ ಎಂದು ನನಗೂ ಗೊತ್ತು. ಅದಕ್ಕೆ ಕಾರ್ಖಾನೆಯೇ ಬೇಕು. ನಾನು ಸದ್ಯ ಬಾದಾಮಿಯನ್ನಷ್ಟೇ ನೋಡುತ್ತೇನೆ.

ಹೀಗೆ ಮಾಡೋಣ ಎಂದುಕೊಂಡಿದ್ದೇನೆ. ದಿನಗೂಲಿ, ತೊಟ್ಟು ಕತ್ತರಿ, ಬೆಳಿಗ್ಗೆ ಹತ್ತರೊಳಗೆ ಕೊಯ್ಲು ಮುಗಿಸುವುದು. ನೆಲದ ಬದಲು ಗೋಣಿತಾಟಿನ ಮೇಲೆ ರಾಶಿ. ಪ್ರತಿ ಮರದಿಂದ ಕೆಲವು ಕಾಯಿ ಬಕೆಟ್ ಪರೀಕ್ಷೆಗೆ. ಶೆಡ್ಡಿನ ಉತ್ತರಕ್ಕೆ ಇಟ್ಟಿಗೆ ಕೋಣೆ. ಬಿಸಿನೀರಿನ ತೊಟ್ಟಿ ಮಾತ್ರ ಒಬ್ಬನಿಗೆ ದುಬಾರಿ. ಚಿಂತಾಮಣಿ, ಶ್ರೀನಿವಾಸಪುರ ಕಡೆಯವರು ಯಾರಾದರೂ ಪಾಲಿಗೆ ಬರುತ್ತೀರಾ?

ಚಿಂತಾಮಣಿ ರಸಪುರಿ

ನಮ್ಮಲ್ಲಿ ಹಳೆಯ ಸ್ಟೀಲ್ ಹಾಲಿನ ತೊಟ್ಟಿ ಒಂದು ಖಾಲಿ ಬಿದ್ದಿದೆ, ಹೀಟರ್ ಹಾಕಿಸಿದರೆ ಆದೀತು. ಆದರೆ ರಸಪುರಿಯ ಸಿಪ್ಪೆ ತೆಳು. ಅದಕ್ಕೂ 52 ಡಿಗ್ರಿಯೇ?

ಕೊಯ್ಲೋತ್ತರ ಮೇಡಂ

ಒಂದೇ ಮರದ ಇಪ್ಪತ್ತು ರಸಪುರಿ ತೆಗೆದುಕೊಳ್ಳಿ. ಹತ್ತನ್ನು 52ರಲ್ಲಿ ಐದು ನಿಮಿಷ ಇಡಿ, ಹತ್ತನ್ನು ಹಾಗೆಯೇ ಬಿಡಿ. ಎರಡನ್ನೂ ಒಂದೇ ಕೋಣೆಯಲ್ಲಿ ಬೇರೆ ಬೇರೆ ತಟ್ಟೆಯಲ್ಲಿಟ್ಟು ಹಣ್ಣಾಗುವವರೆಗೆ ನೋಡಿ. ಸಿಪ್ಪೆ ಬೆಂದಂತೆ ಕಂಡರೆ ಒಂದು ಡಿಗ್ರಿ ಇಳಿಸಿ ಮತ್ತೆ ನೋಡಿ. ತೊಟ್ಟಿಯಲ್ಲಿ ಮೇಲಿನ ನೀರಿಗೂ ತಳದ ನೀರಿಗೂ ಬಿಸಿಯಲ್ಲಿ ವ್ಯತ್ಯಾಸ ಇರುತ್ತದೆ, ಥರ್ಮಾಮೀಟರ್ ಅನ್ನು ಎರಡೂ ಕಡೆ ಹಿಡಿಯಿರಿ. ಚಿತ್ರಗಳನ್ನು ಇಲ್ಲೇ ಹಾಕಿ.

ಮಂಡಿಯವನು

ಹಾಗೆಯೇ ಬಿಟ್ಟ ಹತ್ತರಲ್ಲಿ ಕೆಡದೆ ಉಳಿದದ್ದು ಏನಾದರೂ ಇದ್ದರೆ ಮಂಡಿಗೆ ಕಳುಹಿಸಿ, ತಿಂದು ನೋಡುವ ಕೆಲಸ ನನ್ನದು.